ಶರದೃತುವಿನ ಶಾಲೆ

1860ರ ದಶಕದ ಕೊನೆಯ ವರ್ಷಗಳಲ್ಲಿ, ಕಲ್ಕತ್ತೆಯ ಜೋರಾಸಾಂಕೊ ಬಡಾವಣೆಯ ದೊಡ್ಡದೊಂದು ಮಾಳಿಗೆಮನೆಯಲ್ಲಿ ವಿಚಿತ್ರವಾದ ಶಾಲೆಯೊಂದು ನಡೆಯುತ್ತಿತ್ತು. ಅದರ ಉಪಾಧ್ಯಾಯನು ಆರೇಳು ವರ್ಷದ ಬಾಲಕ. ವಿದ್ಯಾರ್ಥಿಗಳು ಮೊಗಸಾಲೆಯ ಕಟಕಟೆಯ ಮರದ ಕಂಬಿಗಳು. ಬಾಲಕನು ಕೈಯಲ್ಲಿ ಬೆತ್ತ ಹಿಡಿದು ಅವುಗಳ ಎದುರು ಗಂಭೀರವಾಗಿ ಕುಳಿತುಕೊಳ್ಳುತ್ತಿದ್ದನು. ಆ ಕಂಬಿಗಳಲ್ಲಿ ಕೆಲವು ಜಾಣರು, ಕೆಲವು ದಡ್ಡರು, ಕೆಲವು ತುಂಟರು. ದಡ್ಡರಿಗೂ ತುಂಟರಿಗೂ ಬೀಳುತ್ತಿದ್ದ ಏಟುಗಳಿಗೆ ಲೆಕ್ಕವಿರಲಿಲ್ಲ. ಪಾಠ ಹೇಳುವುದೆಂದರೆ ಏನೆಂಬುದು ಆ ಬಾಲಕನಿಗೆ ಇನ್ನೂ ತಿಳಿದಿರಲಿಲ್ಲ. ಹೊಡೆಯುವುದೆಂದರೆ ಏನೆಂಬುದನ್ನು ಮಾತ್ರ ಅವನು ತನ್ನ ಶಾಲೆಯಲ್ಲಿ ಚೆನ್ನಾಗಿ ಕಲಿತಿದ್ದನು. ಮುಂದೆ ಬೆತ್ತವೇ ಇಲ್ಲದ, ಗೋಡೆಯೂ ಇಲ್ಲದ ಶಾಲೆಯನ್ನು ಕಟ್ಟಿದ ರವೀಂದ್ರನಾಥ ಠಾಕೂರರೇ ಆ ಬಾಲಕ.

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು. ತಂದೆ ಮಹರ್ಷಿ ದೇವೇಂದ್ರನಾಥರು, ತಾಯಿ ಶಾರದಾದೇವಿ. ಮನೆತನವು ಸಿರಿವಂತವಾದುದು, ವಿದ್ಯೆ ಸಂಗೀತ ಸಾಹಿತ್ಯಗಳಿಗೆ ಹೆಸರಾದುದು. ಆದರೆ ಬಾಲಕನು ಸೇರಿದ ಶಾಲೆಗಳು ಒಂದಾದಮೇಲೊಂದು ಅವನಿಗೆ ಸೆರೆಮನೆಗಳಾದವು. ಓರಿಯೆಂಟಲ್ ಸೆಮಿನರಿಯಲ್ಲಿ ಪಾಠ ಒಪ್ಪಿಸದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ, ಚಾಚಿದ ಕೈಗಳ ಮೇಲೆ ಹಲಗೆಗಳನ್ನು ಪೇರಿಸಿಡುತ್ತಿದ್ದರು. ನಾರ್ಮಲ್ ಶಾಲೆ, ಬೆಂಗಾಲ್ ಅಕಾಡೆಮಿ, ಸೇಂಟ್ ಝೇವಿಯರ್ ಶಾಲೆ ಇವುಗಳಲ್ಲಿಯೂ ಅವನ ಮನಸ್ಸು ನಿಲ್ಲಲಿಲ್ಲ. ಹದಿನಾಲ್ಕರ ಸುಮಾರಿಗೆ ಅವನು ಶಾಲೆಗೆ ಹೋಗುವುದನ್ನೇ ಬಿಟ್ಟನು. ಮನೆಯವರು ಅವನ ವಿಷಯದಲ್ಲಿ ಆಸೆ ಬಿಟ್ಟರು.

ಮನೆಯಲ್ಲಿಯಾದರೂ ಸ್ವಾತಂತ್ರ್ಯವಿತ್ತೇ ಎಂದರೆ ಅದೂ ಇರಲಿಲ್ಲ. ತಂದೆ ಬಹುಕಾಲ ಪ್ರವಾಸದಲ್ಲಿರುತ್ತಿದ್ದರು. ಮಕ್ಕಳು ಆಳುಗಳ ಕೈಯಲ್ಲಿ ಬೆಳೆಯುತ್ತಿದ್ದರು. ಆಳುಗಳಲ್ಲಿ ಒಬ್ಬನು ಬಾಲಕನನ್ನು ಒಂದೆಡೆ ಕೂರಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು, ಅದನ್ನು ದಾಟಿದರೆ ಆಪತ್ತು ತಪ್ಪದೆಂದು ಹೆದರಿಸಿ ಹೊರಟುಹೋಗುತ್ತಿದ್ದನು. ಲಕ್ಷ್ಮಣನು ಎಳೆದ ಗೆರೆಯನ್ನು ದಾಟಿದ ಸೀತೆಯ ಗತಿಯೇನಾಯಿತೆಂಬುದನ್ನು ಕೇಳಿ ಬಲ್ಲ ಹುಡುಗನು ಅಲ್ಲಿಂದ ಕದಲುತ್ತಿರಲಿಲ್ಲ. ಅದೃಷ್ಟಕ್ಕೆ ಅಲ್ಲೊಂದು ಕಿಟಕಿಯಿತ್ತು. ಕಿಟಕಿಯ ಕೆಳಗೆ ಕೊಳ, ಕೊಳದ ಒಂದು ದಡದಲ್ಲಿ ಬಿಳಲು ಬಿಟ್ಟ ಆಲದ ಮರ, ಇನ್ನೊಂದು ದಡದಲ್ಲಿ ತೆಂಗಿನ ಸಾಲು. ಬೆಳಗಿನಿಂದ ಸ್ನಾನಕ್ಕೆ ಬರುವವರನ್ನೂ, ಮಧ್ಯಾಹ್ನದ ಮೌನದಲ್ಲಿ ನೀರಿನಲ್ಲಿ ಮುಳುಗೇಳುವ ಬಾತುಗಳನ್ನೂ, ಆಲದ ಬುಡದ ಕತ್ತಲನ್ನೂ ನೋಡುತ್ತ ಅವನ ದಿನ ಕಳೆಯುತ್ತಿತ್ತು. ಒಮ್ಮೆ ಕಲ್ಕತ್ತೆಯಲ್ಲಿ ಡೆಂಗಿ ಜ್ವರ ಹಬ್ಬಿದಾಗ ಮನೆಯವರು ಕೆಲಕಾಲ ಗಂಗೆಯ ದಡದ ತೋಟದ ಮನೆಯೊಂದಕ್ಕೆ ಹೋದರು. ಪಟ್ಟಣದ ಆಚೆಗೆ ಬಾಲಕನು ಇಟ್ಟ ಮೊದಲ ಹೆಜ್ಜೆ ಅದು. ಊರಿಗೆ ಊರೇ ಹೆದರಿದ್ದ ಜ್ವರವು ಆ ಒಬ್ಬ ಹುಡುಗನಿಗೆ ಉಪಕಾರ ಮಾಡಿತೆನ್ನಬೇಕು.

ಗೆರೆಯು ನಿಜವಾಗಿ ಅಳಿಸಿದ್ದು 1873ರಲ್ಲಿ. ಆ ವರ್ಷ ಉಪನಯನವಾಯಿತು. ಬೋಳುತಲೆಯಲ್ಲಿ ಶಾಲೆಗೆ ಹೋದರೆ ಹುಡುಗರು ಗೇಲಿಮಾಡುವರೆಂದು ಚಿಂತಿಸುತ್ತಿದ್ದ ಮಗನನ್ನು ದೇವೇಂದ್ರನಾಥರು ಹಿಮಾಲಯಕ್ಕೆ ಕರೆದೊಯ್ಯಲು ನಿಶ್ಚಯಿಸಿದರು. ದಾರಿಯಲ್ಲಿ ಮೊದಲು ತಂಗಿದ್ದು ಬೋಲ್ಪುರದ ಬಳಿಯ ಶಾಂತಿನಿಕೇತನದಲ್ಲಿ. ಆಗ ಅದೊಂದು ಬರಿಯ ಬಯಲು. 1863ರಲ್ಲಿ ದೇವೇಂದ್ರನಾಥರು ಅಲ್ಲಿಯ ಎರಡು ಸಪ್ತಪರ್ಣಿ ಮರಗಳ ನೆರಳಿಗೆ ಮನಸೋತು, ಸುತ್ತಲಿನ ಇಪ್ಪತ್ತು ಬಿಘಾ ಭೂಮಿಯನ್ನು ಪಡೆದು ಧ್ಯಾನಕ್ಕೆಂದು ಮನೆ ಕಟ್ಟಿಸಿದ್ದರು. ನಮ್ಮಲ್ಲಿ ಮದ್ದಾಲೆಯೆಂದೂ ಹಾಲೆಯೆಂದೂ ಕರೆಯುವ ಮರವೇ ಇದು. ಬಂಗಾಳಿಯಲ್ಲಿ ಇದಕ್ಕೆ ಛಾತಿಮ್ ಎಂದು ಹೆಸರು. ಅಲ್ಲಿಯ ನೆಲವು ಕೆಂಪು ಮುರಕಲ್ಲಿನದು. ಮಳೆಯ ನೀರು ಹರಿದು ಹರಿದು ಅದರಲ್ಲಿ ಆಳವಾದ ಕೊರಕಲುಗಳಾಗಿವೆ. ಬಾಲಕನು ದಿನವಿಡೀ ಆ ಕೊರಕಲುಗಳಲ್ಲಿ ಅಲೆದು, ಬಣ್ಣಬಣ್ಣದ ಕಲ್ಲುಗಳನ್ನು ಅಂಗಿಯ ಮಡಿಲಲ್ಲಿ ತುಂಬಿಕೊಂಡು ಬಂದು ತಂದೆಯ ಮುಂದೆ ಸುರಿಯುತ್ತಿದ್ದನು. ಬೇರೆ ಯಾರಾದರೂ ಆಗಿದ್ದರೆ ಕಸವನ್ನೇಕೆ ತಂದೆಯೆಂದು ಗದರುತ್ತಿದ್ದರು. ಮಹರ್ಷಿಗಳು ಆ ಕಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡಿ ಸಂತೋಷಪಟ್ಟರು. ತೋಟದ ಮಣ್ಣಿನ ದಿಬ್ಬವನ್ನು ಅವುಗಳಿಂದಲೇ ಅಲಂಕರಿಸಲು ಮಗನಿಗೆ ಹೇಳಿದರು. ತಮ್ಮ ಬೆಲೆಬಾಳುವ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವನ್ನೂ ಅವನಿಗೆ ಒಪ್ಪಿಸಿದರು. ಅತ್ಯುತ್ಸಾಹದಿಂದ ಕೀಲಿ ಕೊಟ್ಟು ಕೊಟ್ಟು ಗಡಿಯಾರ ಕೆಟ್ಟಿತು. ತಂದೆ ಒಂದು ಮಾತನ್ನೂ ಆಡಲಿಲ್ಲ.

ಅಲ್ಲಿಂದ ಅಮೃತಸರವನ್ನು ನೋಡಿಕೊಂಡು ಅವರು ಡಾಲ್‌ಹೌಸಿಯ ಬೆಟ್ಟಗಳನ್ನೇರಿದರು. ಹಗಲಿನಲ್ಲಿ ಹನ್ನೆರಡು ವರ್ಷದ ಹುಡುಗನು ಕಬ್ಬಿಣದ ತುದಿಯ ಊರುಗೋಲನ್ನು ಹಿಡಿದು ದೇವದಾರು ಕಾಡಿನಲ್ಲಿ ತನಗೆ ಬೇಕಾದಲ್ಲಿ ಒಬ್ಬನೇ ತಿರುಗುತ್ತಿದ್ದನು. ಬೀಳುವನೆಂದು ತಂದೆ ತಡೆಯಲಿಲ್ಲ. ಕತ್ತಲಾದಮೇಲೆ ಇಬ್ಬರೂ ಹೊರಗೆ ಕುಳಿತು ಆಕಾಶವನ್ನು ನೋಡುತ್ತಿದ್ದರು. ತಂದೆ ಒಂದೊಂದೇ ನಕ್ಷತ್ರವನ್ನು ತೋರಿಸಿ ಹೆಸರು ಹೇಳುವರು, ಗ್ರಹಗಳ ಚಲನೆಯನ್ನು ವಿವರಿಸುವರು. ಮಗನು ಅದನ್ನು ಬಂಗಾಳಿಯಲ್ಲಿ ಬರೆದಿಡುವನು. ನಾಲ್ಕು ಶಾಲೆಗಳು ಮಾಡಲಾಗದ ಕೆಲಸವನ್ನು ನಾಲ್ಕು ತಿಂಗಳ ಆ ಪ್ರವಾಸವು ಮಾಡಿತು.

ಮುಂದೆ ರವೀಂದ್ರರು ಇಂಗ್ಲೆಂಡಿಗೆ ಹೋದುದು, ಪದವಿಯಿಲ್ಲದೆ ಮರಳಿದುದು, ಕವಿಯೆಂದು ಹೆಸರಾದುದು ಎಲ್ಲವೂ ಬಲ್ಲ ಸಂಗತಿಗಳೇ. ಕನ್ನಡಿಗರು ನೆನೆಯಬೇಕಾದ ಒಂದು ವಿಷಯವಿದೆ. 1883ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವರು ಕಾರವಾರಕ್ಕೆ ಬಂದು ಕೆಲವು ಕಾಲ ನಿಂತರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರಾಗಿದ್ದರು. ಅರ್ಧಚಂದ್ರಾಕಾರದ ಕಡಲತೀರ, ಗಾಳಿಮರಗಳ ತೋಪು, ಬೆಳುದಿಂಗಳಿನಲ್ಲಿ ಕಾಳಿನದಿಯ ಮೇಲೆ ದೋಣಿಯ ವಿಹಾರ ಇವೆಲ್ಲ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು. ಅಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಲೋಕವನ್ನೂ ಪ್ರಕೃತಿಯನ್ನೂ ಗೆದ್ದೆನೆಂದು ಬೀಗಿದ ಸಂನ್ಯಾಸಿಯೊಬ್ಬನು ಅನಾಥ ಬಾಲಿಕೆಯೊಬ್ಬಳ ಪ್ರೀತಿಗೆ ಸಿಕ್ಕಿ ಲೋಕಕ್ಕೆ ಮರಳುವ ಕಥೆ ಅದು. ಮಗುವನ್ನೂ ಪ್ರಕೃತಿಯನ್ನೂ ಒಟ್ಟಿಗೆ ಕಾಣುವ ದೃಷ್ಟಿಯ ಮೊಳಕೆ ಕನ್ನಡ ಕರಾವಳಿಯಲ್ಲಿ ಬರೆದ ಈ ಕೃತಿಯಲ್ಲಿಯೇ ಕಾಣುತ್ತದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಅವರಿಗೆ ಮೃಣಾಲಿನಿದೇವಿಯವರೊಡನೆ ವಿವಾಹವಾಯಿತು. ಬಳಿಕ ಜಮೀನಿನ ಆಡಳಿತಕ್ಕಾಗಿ ಅವರು ಪೂರ್ವ ಬಂಗಾಳದ ಶಿಲಾಯಿದಹದಲ್ಲಿ, ಪದ್ಮಾನದಿಯ ಮಡಿಲಲ್ಲಿ, ಹಲವು ವರ್ಷ ಕಳೆದರು. ಮಾತೃಭಾಷೆಯಲ್ಲಿ ಕಲಿಸದ ಶಿಕ್ಷಣವು ಮಕ್ಕಳ ಮನಸ್ಸನ್ನು ಹೇಗೆ ಬಡವಾಗಿಸುತ್ತದೆಂಬುದನ್ನು 1892ರಲ್ಲಿಯೇ ಒಂದು ಪ್ರಬಂಧದಲ್ಲಿ ವಿವರಿಸಿದ್ದರು. ತಮ್ಮ ಮಕ್ಕಳು ಓದುವ ವಯಸ್ಸಿಗೆ ಬಂದಾಗ ಅವರನ್ನು ತಾವು ಕಂಡ ಸೆರೆಮನೆಗಳಿಗೆ ಕಳುಹಿಸಲು ಮನಸ್ಸು ಒಪ್ಪಲಿಲ್ಲ. ನದಿಯ ದಡದ ಮನೆಯಲ್ಲಿಯೇ ಪಾಠಗಳು ನಡೆದವು. ಆದರೆ ಕೇವಲ ತಮ್ಮ ಮಕ್ಕಳಿಗೆ ಒದಗಿದರೆ ಸಾಕೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

1901ರ ಡಿಸೆಂಬರ್ 22ರಂದು ಶಾಂತಿನಿಕೇತನದಲ್ಲಿ ಶಾಲೆ ಆರಂಭವಾಯಿತು. ವಿದ್ಯಾರ್ಥಿಗಳು ಐವರು, ಅವರಲ್ಲಿ ಒಬ್ಬನು ರವೀಂದ್ರರ ಹಿರಿಯ ಮಗ ರಥೀಂದ್ರನಾಥ. ಕವಿಯ ಬಳಿ ಹಣವಿರಲಿಲ್ಲ, ಸಾಲವಿತ್ತು. ಪುರಿಯ ಸಮುದ್ರತೀರದಲ್ಲಿದ್ದ ಮನೆಯನ್ನು ಮಾರಿದರು. ಮೃಣಾಲಿನಿದೇವಿಯವರು ತಮ್ಮ ಒಡವೆಗಳನ್ನು ಒಂದೊಂದಾಗಿ ಬಿಚ್ಚಿಕೊಟ್ಟರು. ಹುಡುಗರಿಗೆ ಅಡಿಗೆ ಮಾಡಿ ಬಡಿಸಿದ ಕೈಗಳೂ ಅವರವೇ. ಈ ಶಾಲೆಯ ಕೀರ್ತಿಯನ್ನು ಹೇಳುವವರು ಆ ತಾಯಿಯ ಹೆಸರನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಶಾಲೆ ಆರಂಭವಾದ ಮರುವರ್ಷವೇ, 1902ರ ನವೆಂಬರ್ 23ರಂದು, ಅವರು ತೀರಿಕೊಂಡರು.

ಮೊದಮೊದಲು ಅಲ್ಲಿಯ ನಿಯಮಗಳು ಪ್ರಾಚೀನ ಗುರುಕುಲದ ಮಾದರಿಯಲ್ಲಿ ಬಹಳ ಬಿಗಿಯಾಗಿದ್ದುವು. ಅನುಭವದಿಂದ ರವೀಂದ್ರರೇ ಅವನ್ನು ಸಡಿಲಿಸಿದರು. ಸಡಿಲವಾಗದೆ ಉಳಿದುದು ಎರಡು: ಹುಡುಗರನ್ನು ಹೊಡೆಯಕೂಡದು, ಹುಡುಗರನ್ನು ಗೋಡೆಯೊಳಗೆ ಕೂಡಿಹಾಕಕೂಡದು. ಬೆಳಗಾಗುವ ಮುನ್ನವೇ ಘಂಟೆ ಬಾರಿಸುತ್ತಿತ್ತು. ಸ್ನಾನ ಮುಗಿಸಿ ಹುಡುಗರು ತಮ್ಮ ತಮ್ಮ ಚಾಪೆಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಬರುವರು. ಕೆಲಹೊತ್ತು ಮೌನವಾಗಿ ಬಯಲಿನಲ್ಲಿ ಕುಳಿತಿದ್ದು, ಬಳಿಕ ಪಾಠಕ್ಕೆಂದು ಮಾವಿನ ತೋಪಿಗೋ ಸಾಲವೃಕ್ಷಗಳ ಓಣಿಗೋ ಹೋಗುವರು. ಒಂದೊಂದು ಮರದ ಕೆಳಗೆ ಒಬ್ಬೊಬ್ಬ ಉಪಾಧ್ಯಾಯರು, ಅವರ ಸುತ್ತ ಹತ್ತಾರು ಹುಡುಗರು. ಪಾಠದ ನಡುವೆ ಅಳಿಲೊಂದು ಕೊಂಬೆಯಿಂದ ಇಳಿದರೆ ಹುಡುಗರ ಕಣ್ಣು ಅತ್ತ ಹರಿಯುವುದು ಸಹಜ. ರವೀಂದ್ರರ ದೃಷ್ಟಿಯಲ್ಲಿ ಅದು ಪಾಠಕ್ಕೆ ಬಂದ ವಿಘ್ನವಲ್ಲ, ಅದೂ ಪಾಠವೇ. ಹಾಗೆಂದು ಅದು ಸೋಮಾರಿಗಳ ಶಾಲೆಯಾಗಿರಲಿಲ್ಲ. ಭಾಷೆ, ಗಣಿತ, ವಿಜ್ಞಾನ ಎಲ್ಲವೂ ಇದ್ದುವು. ಕವಿಗಳೇ ಕುಳಿತು ಎಳೆಯ ಮಕ್ಕಳಿಗೆ ಬಂಗಾಳಿಯನ್ನೂ ಇಂಗ್ಲಿಷನ್ನೂ ಕಲಿಸುತ್ತಿದ್ದರು. ಅದಕ್ಕಾಗಿ ಪಾಠಪುಸ್ತಕಗಳನ್ನೂ ಬರೆದರು.

ಇಂಥ ಶಾಲೆಗೆ ಪಂಚಾಂಗವು ಗೋಡೆಯ ಮೇಲಲ್ಲ, ಹೊರಗಿರುತ್ತದೆ. ಬಿರುಬೇಸಿಗೆಯಲ್ಲಿ ಕೆಂಪುಧೂಳಿನ ಬಿರುಗಾಳಿ. ಮಳೆಗಾಲದಲ್ಲಿ ಮರದಡಿಯ ಪಾಠವು ಮೇಲಿಂದ ಮೇಲೆ ನಿಂತುಹೋಗಿ, ಹುಡುಗರು ಮಳೆಯಲ್ಲಿ ನೆನೆಯಲು ಓಡುವುದು. ಮಳೆ ಹಿಂದೆಗೆದು ಶರತ್ಕಾಲ ಬಂತೆಂದರೆ ಬಯಲು ಮತ್ತೆ ಶಾಲೆಯಾಗುತ್ತದೆ. ನಮ್ಮಲ್ಲಿ ಆಶ್ವಯುಜ, ಕಾರ್ತಿಕಗಳನ್ನು ಶರದೃತುವೆಂದು ಎಣಿಸುವಂತೆ ಬಂಗಾಳದವರು ಭಾದ್ರಪದ, ಆಶ್ವಿನಗಳನ್ನು ಎಣಿಸುತ್ತಾರೆ. ತೊಳೆದಂತಹ ನೀಲಿಯ ಆಕಾಶ, ಅದರಲ್ಲಿ ನೀರಿಲ್ಲದ ಹಗುರವಾದ ಬಿಳಿಮೋಡ. ಹತ್ತಿರದ ಕೋಪಾಯಿ ನದಿಯ ದಡದಲ್ಲಿ ಕಾಶದ ಹುಲ್ಲು ಹೂ ಬಿಟ್ಟು, ಕಬ್ಬಿನ ಸೂಲಂಗಿಯ ಹಾಗೆ ಬೆಳ್ಳಗೆ ತೂಗುತ್ತದೆ. ಬೆಳಗಿನ ಜಾವದಲ್ಲಿ ಪಾರಿಜಾತದ ಹೂಗಳು ಇಬ್ಬನಿಯ ಹುಲ್ಲಿನ ಮೇಲೆ ಉದುರಿ ಬಿದ್ದಿರುತ್ತವೆ. ಗದ್ದೆಗಳಲ್ಲಿ ಪೈರು ತೆನೆಗಟ್ಟುವ ಸಮಯ. ಹಾಲೆಮರಗಳೂ ಆಗಲೇ ಹೂ ತಳೆದು, ಸಂಜೆಯಾಗುತ್ತಲೇ ಅವುಗಳ ಗಂಧ ಬಹುದೂರ ಹಬ್ಬುತ್ತದೆ. ಪುಸ್ತಕದಲ್ಲಿ ಋತುಗಳು ಆರೆಂದು ಕಂಠಪಾಠ ಮಾಡಿದ ಮಗುವಿಗೂ, ಉದುರಿದ ಪಾರಿಜಾತವನ್ನು ಅಂಗೈಯಲ್ಲಿ ಹಿಡಿದು ಮಳೆ ಹೋಯಿತೆಂದು ತಿಳಿದ ಮಗುವಿಗೂ ವ್ಯತ್ಯಾಸವಿದೆ. ರವೀಂದ್ರರು ಬಯಸಿದ್ದು ಎರಡನೆಯ ಬಗೆಯ ತಿಳಿವನ್ನು.

ಅದಕ್ಕೆ ತಕ್ಕ ಉಪಾಧ್ಯಾಯರೂ ದೊರೆತರು. ಜಗದಾನಂದ ರಾಯರು ಮೊದಲು ಜಮೀನಿನ ಕಚೇರಿಯ ಕೆಲಸಕ್ಕೆ ಸೇರಿದವರು. ಅವರ ವಿಜ್ಞಾನಾಸಕ್ತಿಯನ್ನು ಕಂಡ ಕವಿಗಳು ಅವರನ್ನು ಶಾಲೆಗೆ ಕರೆತಂದರು. ಅವರು ಗಿಡಮರ, ಹಕ್ಕಿ, ಹುಳುಹುಪ್ಪಟೆ, ಗ್ರಹನಕ್ಷತ್ರಗಳ ವಿಷಯವಾಗಿ ಮಕ್ಕಳಿಗೆಂದೇ ತಿಳಿಯಾದ ಬಂಗಾಳಿಯಲ್ಲಿ ಹಲವು ಪುಸ್ತಕಗಳನ್ನು ಬರೆದರು. ಮೋಡ ಕಳೆದ ರಾತ್ರಿಗಳಲ್ಲಿ ಹುಡುಗರಿಗೆ ಆಕಾಶವನ್ನು ತೋರಿಸಿ ನಕ್ಷತ್ರಗಳನ್ನು ಗುರುತಿಸಲು ಕಲಿಸಿದರು. ಡಾಲ್‌ಹೌಸಿಯಲ್ಲಿ ಒಬ್ಬ ತಂದೆ ಒಬ್ಬ ಮಗನಿಗೆ ಹೇಳಿದ ಪಾಠವು ಇಲ್ಲಿ ಎಲ್ಲ ಮಕ್ಕಳ ಪಾಲಿಗೆ ಬಂದಿತು. ಸತೀಶಚಂದ್ರ ರಾಯನೆಂಬ ತರುಣ ಕವಿಯೂ ತನ್ನ ಓದನ್ನು ಅರ್ಧಕ್ಕೆ ಬಿಟ್ಟು ಬಂದು ಅಲ್ಲಿ ಪಾಠ ಹೇಳಿದನು. ಬಿರುಗಾಳಿಯೆಂದರೆ, ಬೆಳುದಿಂಗಳೆಂದರೆ ಹುಡುಗರಿಗಿಂತ ಹೆಚ್ಚು ಹಿಗ್ಗುವ ಸ್ವಭಾವ ಅವನದು. 1904ರಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿ, ಸಿಡುಬಿನಿಂದ ಅವನು ಅಲ್ಲಿಯೇ ತೀರಿಕೊಂಡನು.

ಆ ವರ್ಷಗಳಲ್ಲಿ ಸಾವು ರವೀಂದ್ರರ ಮನೆಯ ಬಾಗಿಲನ್ನು ಮತ್ತೆ ಮತ್ತೆ ತಟ್ಟಿತು. ಪತ್ನಿಯ ಬಳಿಕ 1903ರಲ್ಲಿ ಮಗಳು ರೇಣುಕೆ ಕ್ಷಯರೋಗಕ್ಕೆ ತುತ್ತಾದಳು. 1905ರಲ್ಲಿ ಮಹರ್ಷಿಗಳು ಕಣ್ಮುಚ್ಚಿದರು. ಉಳಿದ ಮಕ್ಕಳಲ್ಲಿ ಕಿರಿಯವನು ಶಮೀಂದ್ರ. ಸ್ವಭಾವದಲ್ಲಿ ತಂದೆಯನ್ನೇ ಹೋಲುತ್ತಿದ್ದ ಹುಡುಗ. ಹಾಡು, ಕವಿತೆ, ಅಭಿನಯ ಎಂದರೆ ಪ್ರಾಣ. ಅವನು ಶಾಂತಿನಿಕೇತನದ ಶಾಲೆಯಲ್ಲಿಯೇ ಓದುತ್ತಿದ್ದನು. 1907ರ ಶ್ರೀಪಂಚಮಿಯ ದಿನ ಅವನಿಗೊಂದು ಯೋಚನೆ ಹೊಳೆಯಿತು. ಗೆಳೆಯರನ್ನು ಕೂಡಿಸಿಕೊಂಡು, ವಸಂತ, ವರ್ಷ, ಶರತ್ತು ಎಂದು ಒಬ್ಬೊಬ್ಬರೂ ಒಂದೊಂದು ಋತುವಿನ ವೇಷ ತೊಟ್ಟು, ಅವನು ಋತುಗಳ ಉತ್ಸವವನ್ನು ನಡೆಸಿದನು. ದೊಡ್ಡವರು ಹಾಕಿಕೊಟ್ಟ ಕಾರ್ಯಕ್ರಮವಲ್ಲ ಅದು. ಹತ್ತು ವರ್ಷದ ಬಾಲಕನ ಸ್ವಂತ ಸೃಷ್ಟಿ. ತಂದೆ ಆ ದಿನ ಅಲ್ಲಿರಲೂ ಇಲ್ಲ. ಶಾಂತಿನಿಕೇತನಕ್ಕೆ ಮುಂದೆ ಕೀರ್ತಿ ತಂದ ಋತೂತ್ಸವಗಳ ಪರಂಪರೆಯು ಹೀಗೆ ಒಬ್ಬ ವಿದ್ಯಾರ್ಥಿಯ ಕೈಯಿಂದ ಆರಂಭವಾಯಿತು.

ಆ ವರ್ಷ ಶರತ್ಕಾಲ ಬಂದಿತು. ನಮ್ಮಲ್ಲಿ ದಸರೆಗೆ ಬಿಡುವಂತೆ ಅಲ್ಲಿ ದುರ್ಗಾಪೂಜೆಗೆ ಶಾಲೆಗೆ ದೀರ್ಘ ರಜೆ. ಶಮೀಂದ್ರನು ಗೆಳೆಯನೊಬ್ಬನ ಜೊತೆಯಲ್ಲಿ ಬಿಹಾರದ ಮುಂಗೇರಿಗೆ ಹೋದನು. ಅಲ್ಲಿ ಅವನಿಗೆ ಕಾಲರಾ ತಗುಲಿತು. ಸುದ್ದಿ ತಿಳಿದು ರವೀಂದ್ರರು ಧಾವಿಸಿದರು, ಉಳಿಸಿಕೊಳ್ಳಲಾಗಲಿಲ್ಲ. 1907ರ ನವೆಂಬರ್ 23ರಂದು ಬಾಲಕನು ತೀರಿಕೊಂಡನು. ಐದು ವರ್ಷಗಳ ಹಿಂದೆ ಅವನ ತಾಯಿ ಹೋದುದೂ ಅದೇ ದಿನ. ಮಗನನ್ನು ಕಳೆದುಕೊಂಡು ರೈಲಿನಲ್ಲಿ ಮರಳುತ್ತಿದ್ದ ರಾತ್ರಿ ಕಿಟಕಿಯಾಚೆ ಆಕಾಶವೆಲ್ಲ ಬೆಳುದಿಂಗಳಿನಿಂದ ತುಂಬಿತ್ತೆಂದೂ, ಆ ಬೆಳಕಿನಲ್ಲಿ ಎಲ್ಲಿಯೂ ಏನೂ ಕಡಿಮೆಯಾದಂತೆ ತೋರಲಿಲ್ಲವೆಂದೂ ಅವರು ಎಷ್ಟೋ ವರ್ಷಗಳ ಮೇಲೆ, ತಮ್ಮಂತೆಯೇ ಮಗನನ್ನು ಕಳೆದುಕೊಂಡ ಮಗಳು ಮೀರಾಳಿಗೆ ಬರೆದರು.

ಮರುವರ್ಷ, 1908ರಲ್ಲಿ, ಮತ್ತೆ ಶರತ್ತು ಬಂದಾಗ ಅವರು ಆಶ್ರಮದ ಬಾಲಕರಿಗೆಂದೇ ‘ಶಾರದೋತ್ಸವ’ ಎಂಬ ನಾಟಕವನ್ನು ಬರೆದುಕೊಟ್ಟರು. ರಜೆ ಸಿಕ್ಕ ಹುಡುಗರ ಗುಂಪೊಂದು ಹಾಡುತ್ತ ಕುಣಿಯುತ್ತ ಶರತ್ಕಾಲದ ಬಯಲಿಗೆ ಹೊರಡುತ್ತದೆ. ಮಕ್ಕಳೊಡನೆ ಮಗುವಾದ ಅಜ್ಜನೊಬ್ಬನು ಜೊತೆಗಿರುತ್ತಾನೆ. ಉಪನಂದನೆಂಬ ಹುಡುಗ ಮಾತ್ರ ಆಟಕ್ಕೆ ಬರುವುದಿಲ್ಲ. ವೀಣೆಯ ವಿದ್ವಾಂಸನಾಗಿದ್ದ ಅವನ ಗುರುವು ಸಾಲವುಳಿಸಿ ತೀರಿಕೊಂಡಿದ್ದಾನೆ. ಆ ಸಾಲವನ್ನು ತೀರಿಸಲು ಉಪನಂದನು ಕುಳಿತು ಹಸ್ತಪ್ರತಿಗಳನ್ನು ನಕಲು ಮಾಡುತ್ತಿದ್ದಾನೆ. ಸಂನ್ಯಾಸಿಯ ವೇಷದಲ್ಲಿ ಬಂದ ರಾಜನು ಅವನ ಪಕ್ಕದಲ್ಲಿ ಕುಳಿತು ತಾನೂ ಬರೆಯತೊಡಗುತ್ತಾನೆ, ಹುಡುಗರೂ ಕೈಜೋಡಿಸುತ್ತಾರೆ. ಭೂಮಿಯು ತಾನು ಮಳೆಗಾಲದಲ್ಲಿ ಪಡೆದುದನ್ನೆಲ್ಲ ಶರತ್ಕಾಲದಲ್ಲಿ ಹಸುರಾಗಿ, ಹೂವಾಗಿ, ತೆನೆಯಾಗಿ ಹಿಂದಿರುಗಿಸುತ್ತದೆ. ಆ ಋತುವಿನ ಚೆಲುವೆಲ್ಲವೂ ಋಣ ತೀರಿಸುವುದರ ಚೆಲುವು ಎಂಬುದು ನಾಟಕದ ಹೃದಯ. ಮುಂದೆ ಇದನ್ನೇ ಪರಿಷ್ಕರಿಸಿದಾಗ ಅದಕ್ಕೆ ಋಣಶೋಧವೆಂದೇ ಹೆಸರಿಟ್ಟರು. ಶಮೀಂದ್ರನು ಹಿಂದಿನ ವರ್ಷ ಆರಂಭಿಸಿದ ಆಟವನ್ನು ತಂದೆ ಮುಂದುವರಿಸಿದರೆಂದು ಹೇಳಿದರೆ ತಪ್ಪಾಗದು. ಮುಂದಿನ ಪ್ರದರ್ಶನಗಳಲ್ಲಿ ಅವರೇ ಸಂನ್ಯಾಸಿಯ ಪಾತ್ರ ವಹಿಸಿ ಹುಡುಗರ ನಡುವೆ ನಿಂತರು.

ಶಾಲೆಯನ್ನು ಮೆಚ್ಚಿದವರಷ್ಟೇ ಅನುಮಾನಿಸಿದವರೂ ಇದ್ದರು. ಮರದ ಕೆಳಗೆ ಹಾಡು ಹೇಳಿಸುವುದು ಕವಿಯ ಖಯಾಲಿ ಎಂದು ನಕ್ಕವರುಂಟು. ಬೇರೆಲ್ಲಿಯೂ ಅಂಕೆಗೆ ಸಿಗದ ತುಂಟರನ್ನು ತಂದು ಸೇರಿಸಿ ಹೋದ ತಂದೆಯರುಂಟು. ಪೂರ್ವ ಬಂಗಾಳದ ಬ್ರಿಟಿಷ್ ಸರ್ಕಾರವಂತೂ ಈ ಶಾಲೆಯನ್ನು ಸಂದೇಹದಿಂದ ಕಂಡು, ತನ್ನ ನೌಕರರು ಅಲ್ಲಿಗೆ ಮಕ್ಕಳನ್ನು ಕಳುಹಿಸಬಾರದೆಂದು ಸುತ್ತೋಲೆ ಹೊರಡಿಸಿತು. ಹಲವು ಹುಡುಗರು ಬಿಟ್ಟುಹೋಗಬೇಕಾಯಿತು. ಹಣದ ಮುಗ್ಗಟ್ಟಂತೂ ತಪ್ಪಲೇ ಇಲ್ಲ. 1913ರಲ್ಲಿ ಬಂದ ನೊಬೆಲ್ ಬಹುಮಾನದ ಹಣವನ್ನು ರವೀಂದ್ರರು ಪತಿಸರದ ರೈತರ ಬ್ಯಾಂಕಿನಲ್ಲಿಟ್ಟರು. ರೈತನಿಗೆ ಸಾಲ ಸಿಗಲಿ, ಬಡ್ಡಿಯಿಂದ ಶಾಲೆ ನಡೆಯಲಿ ಎಂಬುದು ಅವರ ಲೆಕ್ಕ. 1918ರಲ್ಲಿ ಅವರು ಗಿಳಿಯೊಂದರ ಕಥೆಯನ್ನು ಬರೆದರು. ರಾಜಾಜ್ಞೆಯಂತೆ ಗಿಳಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ಸೇರುತ್ತಾರೆ, ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕುತ್ತಾರೆ. ಕೊನೆಗೆ ಗಿಳಿ ಸಾಯುತ್ತದೆ. ಚಿಕ್ಕ ಕಥೆ, ಆದರೆ ಅದನ್ನು ಓದಿದ ಉಪಾಧ್ಯಾಯನು ನಿರಾಳವಾಗಿ ನಿದ್ರಿಸುವುದು ಕಷ್ಟ.

1921ರಲ್ಲಿ ವಿಶ್ವಭಾರತಿ ಸ್ಥಾಪನೆಯಾಯಿತು. ಮರುವರ್ಷ ಪಕ್ಕದ ಸುರೂಲಿನಲ್ಲಿ ಗ್ರಾಮೋದ್ಧಾರದ ಕೇಂದ್ರವೊಂದು ಆರಂಭವಾಗಿ, ಮುಂದೆ ಶ್ರೀನಿಕೇತನವೆಂದು ಹೆಸರಾಯಿತು. ಹಳ್ಳಿಯ ಬಡಮಕ್ಕಳಿಗಾಗಿ 1924ರಲ್ಲಿ ತೆರೆದ ಶಿಕ್ಷಾಸತ್ರದಲ್ಲಿ ತರಕಾರಿಯ ಪಾತಿ, ಮಗ್ಗ, ಅಡಿಗೆ ಎಲ್ಲವೂ ಪಾಠಗಳಾದವು. ಅನುಕೂಲಸ್ಥರ ಮಕ್ಕಳಿಗೆ ಮಾತ್ರ ಬಯಲು ಮೀಸಲಾಗಬಾರದೆಂಬ ಕೊರಗು ಕವಿಗೆ ಇತ್ತು. ಈ ಚಿಕ್ಕ ಶಾಲೆಯ ಮೇಲೆ ಅವರಿಗಿದ್ದ ಮಮತೆ ದೊಡ್ಡದು. 1928ರಲ್ಲಿ ಗಿಡ ನೆಡುವ ಉತ್ಸವವೂ ನೇಗಿಲು ಹೂಡುವ ಉತ್ಸವವೂ ಸೇರಿ, ಶಾಲೆಯ ಹಬ್ಬಗಳ ಸಾಲು ಬೆಳೆಯಿತು.

1941ರ ಜುಲೈ ತಿಂಗಳಲ್ಲಿ, ಕಾಯಿಲೆಯಿಂದ ಬಳಲುತ್ತಿದ್ದ ರವೀಂದ್ರರನ್ನು ಚಿಕಿತ್ಸೆಗೆಂದು ಶಾಂತಿನಿಕೇತನದಿಂದ ಕಲ್ಕತ್ತೆಗೆ ಕರೆದೊಯ್ದರು. ಆಗಸ್ಟ್ 7ರಂದು, ಮಳೆಗಾಲ ಇನ್ನೂ ಮುಗಿಯದಿರುವಾಗ, ತಾವು ಹುಟ್ಟಿದ ಜೋರಾಸಾಂಕೊ ಮನೆಯಲ್ಲಿಯೇ ಅವರು ಕೊನೆಯುಸಿರೆಳೆದರು. ಹತ್ತು ವರ್ಷಗಳ ಬಳಿಕ ವಿಶ್ವಭಾರತಿಯು ಕೇಂದ್ರ ವಿಶ್ವವಿದ್ಯಾಲಯವಾಯಿತು; 2023ರಲ್ಲಿ ಶಾಂತಿನಿಕೇತನವು ಯುನೆಸ್ಕೋದ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ದೇವೇಂದ್ರನಾಥರು ಕುಳಿತಿದ್ದ ಆ ಎರಡು ಮುದಿ ಹಾಲೆಮರಗಳು ಎಂದೋ ಸತ್ತುಹೋದವು. ಅದೇ ಸ್ಥಳದಲ್ಲಿ ಬೇರೆ ಸಸಿಗಳನ್ನು ನೆಟ್ಟು ಬೆಳೆಸಿದ್ದಾರೆ. ಓದು ಮುಗಿಸಿ ಘಟಿಕೋತ್ಸವಕ್ಕೆ ಬರುತ್ತಿದ್ದ ವಿದ್ಯಾರ್ಥಿಗೆ ಅಲ್ಲಿ ಹಿಂದೆ ಕೊಡುತ್ತಿದ್ದ ಕಾಣಿಕೆಯು ಹಾಲೆಮರದ ಏಳೆಲೆಗಳ ಒಂದು ಗೊಂಚಲು.